ಬೇಲಿಯಾಚೆಯ ಅಡವಿ ಚಾಮಂತಿ

"ಕಿತ್ತ ಕೈ ಸೇದಿ ಹೋಗ್ಲಿ ನಿಂದು! ಯಾರನ್ನ ಕೇಳಿ ಕಿತ್ತೆ ಲೇ ಇದನ್ನ?"

"ಯಾರನ್ನ ಕೇಳ್ಬೇಕು ಬಾವ? ಅಡವೀಲಿ ಬೆಳೆದ ಗಿಡ. ತಂದು ದೇವರಿಗೆ ನೆಟ್ಟೆ. ನಿಂದೇನು ಗಂಟು ಹೋಯ್ತು?"

"ಅಡವೀಲಿ ಬೆಳೆದಿದ್ದಲ್ಲ ಅದು. ನೆಟ್ಟಿದ್ದು!"

"ಆಗ್ಲಿ, ನೆಟ್ಟೋನು ಬಂದು ಕೇಳ್ಲಿ. ನೀನ್ಯಾಕೆ ಹಾರಾಡ್ತೀಯ?"

"ನಾನೇ ಲೇ ನೆಟ್ಟೋನು!"

ಬೇಲಿಯ ಆಚೆ ನಿಂತಿದ್ದ ಗಾದ್ರಪ್ಪ ನಕ್ಕುಬಿಟ್ಟ. ಅವನು ನನ್ನ ತಂಗಿ ಸೂರಮ್ಮನ ಗಂಡ. ಹಟ್ಟಿಯ ದೇವರ ದನಗಳ ಕಿಲಾರಿ, ಎಂದರೆ ದೇವರ ಹೆಸರಿನಲ್ಲಿ ಬಿಟ್ಟ ಹಿಂಡನ್ನು ಕಾಯುವವನು. ಬರಿಗಾಲು, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಬಿದಿರಿನ ಕೋಲು. ಹಟ್ಟಿಯಿಂದ ಕೂಗಳತೆ ದೂರದಲ್ಲಿ ಮುಳ್ಳುಬೇಲಿ ಹಾಕಿದ ರೊಪ್ಪ. ಅದರಲ್ಲಿ ತೊಂಬತ್ತು ದನ ಮಲಗುತ್ತಿದ್ದವು. ರೊಪ್ಪದ ಮೂಲೆಯಲ್ಲಿ ಹುಲ್ಲು ಹೊದಿಸಿದ ಪುಟ್ಟ ಗುಡಿ. ಆ ಗುಡಿಯ ಗೋಡೆಗೆ ಒತ್ತಿಕೊಂಡು ಗಿಡ ಮೊಳಕಾಲೆತ್ತರ ಬೆಳೆದಿತ್ತು. ಬುಡಕ್ಕೆ ಕಲ್ಲು ಜೋಡಿಸಿ ಪಾತಿ ಮಾಡಿದ್ದ. ದನಗಳಿಗೆ ಇಡುವ ನೀರಿನಲ್ಲೇ ಒಂದು ಕೊಡ ಅದಕ್ಕೂ ಹಾಕುತ್ತಿದ್ದನಂತೆ. ಬೆಕ್ಕಿನ ನಾಲಿಗೆಯ ಹಾಗೆ ಒರಟಾದ ಎಲೆ, ಗೊಂಚಲು ಗೊಂಚಲು ಹಳದಿ ಹೂವು. ಎಲ್ಲಿದ್ದರೂ ನನಗೆ ಅದರ ಗುರುತು ಸಿಗುತ್ತದೆ. ನಮ್ಮ ಅವ್ವನ ಹಿತ್ತಲ ಗಿಡ ಅದು.

ನನ್ನ ಕಂಕುಳಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಅದೇ ಗಿಡದ ಇನ್ನೊಂದು ಬೇರು ಇತ್ತು. ಮೊಳಕಾಲ್ಮುರಿನ ನಮ್ಮ ಗುಡ್ಡದ ಹಟ್ಟಿಯಿಂದ ಎರಡು ದಿನ ನಡೆದು, ದಾರಿಯ ಹಳ್ಳದಲ್ಲೆಲ್ಲ ಗೋಣಿಯನ್ನು ನೆನೆಸುತ್ತಾ ತಂದಿದ್ದೆ. "ಆ ಗಿಡ ಸತ್ತು ಹೋಗೈತೆ, ಇನ್ನೊಂದು ಬೇರು ತಗೊಂಡು ಬಾ, ಇಬ್ರೂ ಜಾಗ ಹುಡುಕೋಣ" ಎಂದು ಸೂರಮ್ಮ ಹೇಳಿ ಕಳಿಸಿದ್ದಳು. ಸತ್ತಿದೆ ಎಂದ ಗಿಡ ಇಲ್ಲಿ ದೇವರ ಗೋಡೆಗೆ ಅರಳಿ ನಿಂತಿತ್ತು. ನನ್ನ ನೆತ್ತಿಗೆ ರಕ್ತ ಏರಿದ್ದು ಅದಕ್ಕೆ.

"ಹತ್ತು ಹರದಾರಿಯಿಂದ ಬಂದು ನಮ್ಮ ಹುಲ್ಲುಗಾವಲಲ್ಲಿ ಹೂವಿನ ಗಿಡ ನೆಟ್ಟೆಯಾ?" ಎಂದ ಗಾದ್ರಪ್ಪ. "ಯಾವಾಗಿನಿಂದ ಮಾಲಿ ಆದೆ ಬಾವ? ಸಾಹೇಬರ ಬಂಗಲೇಲಿ ಕೆಲಸ ಸಿಕ್ತಾ?"

"ಬುಡದಲ್ಲಿ ಏನು ಸಿಕ್ತು ನಿನಗೆ? ಹೇಳು, ಅಗೆದಾಗ ಏನು ಸಿಕ್ತು?"

"ಸಿಗದೇ ಏನು? ಹಸಿರು ಬಳೆ ಚೂರು ಸಿಕ್ಕವು. ಅದಕ್ಕೇ ತಂದಿದ್ದು." ಅವನು ದನಿ ತಗ್ಗಿಸಿ, ನನಗೊಂದು ಒಳ್ಳೆಯ ಸುದ್ದಿ ಕೊಡುವವನಂತೆ ಬೇಲಿಯ ಹತ್ತಿರ ಬಂದ. "ಭರಣಿ ಮಳೆ ಬಿದ್ದ ವಾರ ಒಂದು ಕಡಸು ತಪ್ಪಿಸ್ಕೊಂಡಿತ್ತು ಬಾವ. ಹುಡುಕ್ತಾ ಕಾವಲು ಹೊಕ್ಕೆ. ಅಷ್ಟು ದೊಡ್ಡ ಕಾವಲಲ್ಲಿ ಬರೀ ಕರಡ ಹುಲ್ಲು. ಮಧ್ಯದಲ್ಲಿ ಇದೊಂದೇ ಗಿಡ, ಚಿನ್ನ ಚೆಲ್ಲಿದಂಗೆ. ಅದರ ಪಕ್ಕದಲ್ಲೇ ನನ್ನ ಕಡಸು ಮಲಗಿತ್ತು! ಬೇರು ಬಿಡಿಸಿದ್ರೆ ಹಸಿರು ಬಳೆ. ಅಮ್ಮನೇ ತೋರಿಸಿದ್ದು ಅನ್ಕೊಂಡೆ. ಅವತ್ತಿನಿಂದ ದಿನಾ ಪೆಟ್ಟಿಗೆಗೆ ಇದೇ ಹೂವು."

ಅವನ ಹಿಂದೆ ಗುಡಿಯ ಬಾಗಿಲಲ್ಲಿ ಹಟ್ಟಿಯ ಅಮ್ಮನನ್ನು ಇಟ್ಟ ದೇವರ ಪೆಟ್ಟಿಗೆ ಕಾಣುತ್ತಿತ್ತು. ಅದರ ಮೇಲೆ ಹಳದಿ ಹೂವಿನ ಸರ ಇತ್ತು.

ಅಲ್ಲಿ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳಲಿಲ್ಲ.

"ಅಮ್ಮನೂ ಅಲ್ಲ, ಅಯ್ಯನೂ ಅಲ್ಲ. ನಿನ್ನ ಹೆಂಡ್ತಿ ಬಳೆ ಅದು! ನಿನ್ನ ಮಗನ ಎದೆ ಮೇಲೆ ನೆಟ್ಟ ಗಿಡ ಲೇ ಅದು!"

ಗಾದ್ರಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಿಡ ನೋಡಿದ, ಸರ ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ. ಅಂಗೈಯನ್ನು ಕಂಬಳಿಗೆ ಒರೆಸುತ್ತಾ ಎಂದ: "ನೀನು ಏನೂ ಹೇಳ್ಲಿಲ್ಲ ಬಾವ. ನಾನು ಏನೂ ಕೇಳ್ಲಿಲ್ಲ."

"ಹೇಳಿದೀನಿ. ಕೇಳಿದೀಯ."

"ಹೋಗು ಇಲ್ಲಿಂದ."

ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ ಅಷ್ಟೆ. ಅವನು ಗಿಡವನ್ನು ಒಂದೇ ಜಗ್ಗಿಗೆ ಬೇರುಸಮೇತ ಕಿತ್ತು, ಮಣ್ಣಿನ ಹೆಂಟೆಯೊಂದಿಗೆ ಬೇಲಿಯ ಮೇಲಿಂದ ಎಸೆದ. ಅದು ನನ್ನ ಕಾಲ ಬಳಿ ಬಿತ್ತು. ಆಮೇಲೆ ಅವನು ಬಾನಿಯ ಹತ್ತಿರ ಹೋಗಿ ನೀರನ್ನು ತಲೆ ಮೇಲೆ ಸುರಿದುಕೊಳ್ಳತೊಡಗಿದ. ಒಂದು ಚೆಂಬು, ಎರಡು ಚೆಂಬು, ಬಾನಿ ಖಾಲಿಯಾಗುವವರೆಗೆ. ದನಗಳು ಕತ್ತೆತ್ತಿ ಅವನನ್ನೇ ನೋಡುತ್ತಿದ್ದವು.

ಈ ಗಿಡದ ವಿಷಯ ಹೇಳಬೇಕು. ನಮ್ಮ ಕಡೆ ಅರ್ಧ ಮಾತು ತೆಲುಗು, ಹಾಗಾಗಿ ಅದನ್ನು ಅಡವಿ ಚಾಮಂತಿ ಎನ್ನುತ್ತೇವೆ. ಚಳ್ಳಕೆರೆ ಕಡೆಯವರು ಕಂಡಿದ್ದರೆ ಕಾಡು ಸೇವಂತಿಗೆ ಎನ್ನುತ್ತಿದ್ದರೇನೋ. ಆದರೆ ಇಲ್ಲಿನ ಎರೆನೆಲದಲ್ಲಿ ಅದು ಹುಟ್ಟುವುದಿಲ್ಲ. ನಮ್ಮ ಗುಡ್ಡದ ಬಂಡೆ ಸಂದಿನಲ್ಲಿ ತಾನೇ ಬೆಳೆಯುತ್ತದೆ. ಅವ್ವ ಒಂದು ಬೇರು ತಂದು ಹಿತ್ತಲ ಗೋಡೆಗೆ ಹಾಕಿದ್ದಳು. ಬೇಸಿಗೆಯಲ್ಲಿ ಅದರಲ್ಲಿ ಹಸಿರಿನ ಸುಳಿವೇ ಇರುವುದಿಲ್ಲ. ಒಣಗಿದ ಕಡ್ಡಿ ಮಾತ್ರ ನಿಂತಿರುತ್ತದೆ. ಮೊದಲ ಮಳೆ ಬಿತ್ತೋ, ಅದೇ ಜಾಗದಲ್ಲಿ ಹೆಬ್ಬೆರಳು ಗಾತ್ರದ ಬೇರಿನಿಂದ ಮತ್ತೆ ಚಿಗುರು, ಚಿಗುರಿನ ಬೆನ್ನಿಗೇ ಹೂವು. ಆಡು ಮೇಯ್ದರೆ ಇನ್ನೂ ಪೊದೆಯಾಗುತ್ತದೆ. ಮೂರು ವರ್ಷಕ್ಕೊಮ್ಮೆ ಬುಡ ಸೀಳಿ ಬೇರೆ ನೆಡಬೇಕು, ಇಲ್ಲದಿದ್ದರೆ ನಡುವೆ ಟೊಳ್ಳಾಗುತ್ತದೆ. ಇಷ್ಟೇ ಅದರ ಆರೈಕೆ. "ಇದಿ ಚಾವದುರಾ" ಎನ್ನುತ್ತಿದ್ದಳು ಅವ್ವ, ಸಾಯುವ ಜಾತಿಯಲ್ಲ ಇದು ಎಂದು. ಸೂರಮ್ಮ ಮದುವೆಯಾಗಿ ಹೋದಾಗ ಬೇರು ಕಟ್ಟಿಕೊಟ್ಟಿದ್ದಳು. ಆದರೆ ಈ ಹಟ್ಟಿಯಲ್ಲಿ ಹಿತ್ತಲು ಎನ್ನುವುದೇ ಇಲ್ಲ. ಗುಡಿಸಲು, ಅಂಗಳ, ಕುರಿ. ಕುರಿ ಒಂದು ದಿನವೂ ಚಿಗುರು ಬಿಡಲಿಲ್ಲ. ಆ ಬೇರು ಹೋಯಿತು.

ಪ್ಲವ ಸಂವತ್ಸರದ ಪುಷ್ಯದಲ್ಲಿ ಹಟ್ಟಿಯಲ್ಲಿ ಇಲಿ ಬಿದ್ದವು. ಪ್ಲೇಗು ಎಂದು ಜನ ಹಟ್ಟಿ ಬಿಟ್ಟು ಕಾವಲಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡರು. ನಾನು ಸುದ್ದಿ ಕೇಳಿ ಬರುವ ಹೊತ್ತಿಗೆ ಸೂರಮ್ಮನ ಮಗ ಜೋಗನಿಗೆ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ಐದು ವರ್ಷದ ಹುಡುಗ. ಮೂರನೇ ದಿನ ಬೆಳಗಿನ ಜಾವ ಹೋದ.

ಮಣ್ಣು ಮಾಡಲು ಗಾದ್ರಪ್ಪ ಬರಲಿಲ್ಲ. ಬರುವ ಹಾಗಿರಲಿಲ್ಲ. ಕಿಲಾರಿಯಾದವನು ಸತ್ತ ಮನೆಗೆ ಹೋಗುವಂತಿಲ್ಲ, ಹೆಣ ನೋಡುವಂತಿಲ್ಲ, ಮಣ್ಣು ಮಾಡಿದ ಜಾಗಕ್ಕೆ ತಿಳಿದೂ ಕಾಲಿಡುವಂತಿಲ್ಲ. ಅವನ ಕಿವಿಗೆ ಯಾರೂ ಸತ್ತವರ ಹೆಸರು ಹೇಳುವಂತಿಲ್ಲ. ಅವನ ಅಣ್ಣ ತೀರಿಕೊಳ್ಳುವ ಮುಂಚೆ ಆ ಕೋಲು ಇವನ ಕೈಗೆ ಬಂದಾಗ ಜೋಗನಿಗೆ ಒಂದು ವರ್ಷ. ಅಲ್ಲಿಂದ ಅವನು ರೊಪ್ಪದಲ್ಲೇ ಮಲಗುವವನು, ಹೆಂಡತಿ ಬೇಲಿಯ ಆಚೆ ಇಟ್ಟು ಹೋದ ಮುದ್ದೆ ತಿನ್ನುವವನು. ಹೆಣ್ಣುಮಕ್ಕಳು ರೊಪ್ಪದ ಹತ್ತಿರ ಸುಳಿಯುವಂತಿಲ್ಲ. ಒಂದು ಗೆರೆ ಇದೆ, ಅಲ್ಲಿ ಬುಟ್ಟಿ ಇಟ್ಟು ತಿರುಗಿ ಹೋಗಬೇಕು. ಮಗ ಹೋದ ಸುದ್ದಿಯನ್ನು ಅವನಿಗೆ ತಿಳಿಸಿದ್ದೂ ಮಾತಿನಲ್ಲಲ್ಲ. ಬುಟ್ಟಿಯಲ್ಲಿ ದಿನಾ ಮುದ್ದೆಯ ಜೊತೆ ಹುಡುಗನ ಕೈಯಿಂದ ಒಂದು ಬೆಲ್ಲದ ಚೂರು ಹೋಗುತ್ತಿತ್ತು. ಆ ದಿನ ಬೆಲ್ಲ ಹೋಗಲಿಲ್ಲ. ಅವನು ಅರ್ಥಮಾಡಿಕೊಂಡ, ಉಂಡ, ದನ ಹೊಡೆದುಕೊಂಡು ಹೋದ.

ಹಟ್ಟಿಯ ಮಣ್ಣು ಮಾಡುವ ಜಾಗ ಈ ಗುಡಿಸಲುಗಳಿಂದ ರೊಪ್ಪದ ಆಚೆ ಕಡೆ. ದೇವರ ದನ ನಡೆಯುವ ದಾರಿಯನ್ನು ಹೆಣ ದಾಟುವಂತಿಲ್ಲ. ಕಾವಲೋ ಸರ್ಕಾರದ್ದು, ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲು. ಅಲ್ಲಿ ಗುಂಡಿ ತೋಡಿದ್ದು ಕಾವಲುಗಾರನಿಗೆ ಗೊತ್ತಾದರೆ ತೆಗೆಸುತ್ತಾನೆ. ಹಾಗಾಗಿ ಬೆಳಗಿನ ಮಂಜು ಹರಿಯುವ ಮೊದಲೇ ನಾನೂ ಸೂರಮ್ಮನೂ ಹುಡುಗನನ್ನು ಎತ್ತಿಕೊಂಡು ಕಾವಲಿನೊಳಕ್ಕೆ ನಡೆದೆವು. ಎಷ್ಟು ದೂರ ಎಂದು ಲೆಕ್ಕ ಇಡಲಿಲ್ಲ. ಸಾಕು ಎನ್ನಿಸಿದ ಕಡೆ ಅಗೆದೆ. ಮಣ್ಣು ಮುಚ್ಚಿ, ದಿಬ್ಬ ಕಾಣದಂತೆ ಮಟ್ಟ ಮಾಡಿ, ಕಿತ್ತ ಹುಲ್ಲಿನ ಹೆಂಟೆಯನ್ನು ಮೇಲೆ ಜೋಡಿಸಿದೆವು. ಕಲ್ಲು ನೆಡಲಿಲ್ಲ. ಮಂಜಿನಲ್ಲಿ ಒಂದು ಮರವೂ ಕಾಣುತ್ತಿರಲಿಲ್ಲ, ಇದ್ದಿದ್ದರಲ್ಲವೇ ಕಾಣುವುದು.

"ಹೆಂಗೆ ಗುರ್ತು ಹಿಡೀಲಿ ಅಣ್ಣ?" ಎಂದಳು ಸೂರಮ್ಮ.

ಅವಳು ಸೆರಗು ಹರಿದು ಹುಲ್ಲಿನ ಗಂಟುಗಳಿಗೆ ಸಾಲಾಗಿ ಕಟ್ಟುತ್ತಾ ಅಂಚಿನವರೆಗೆ ಬಂದಳು. ನಾನು ಅವತ್ತೇ ಹೊರಟು ನಾಲ್ಕನೇ ದಿನಕ್ಕೆ ಅವ್ವನ ಹಿತ್ತಲಿನ ಬೇರು ತಂದೆ. ಚಿಂದಿಯ ಗುರುತು ಹಿಡಿದು ಮತ್ತೆ ಹೋಗಿ ಅವನ ಎದೆಯ ಮೇಲೆ ನೆಟ್ಟೆವು. ಹೂವಿನ ಗಿಡವನ್ನು ಕಂಡು ಯಾವ ಕಾವಲುಗಾರ ಏನು ತಿಳಿದಾನು? ಸೂರಮ್ಮ ಎರಡೂ ಕೈಯ ಹಸಿರು ಬಳೆ ಒಡೆದು ಬೇರಿನ ಕೆಳಗೆ ಹಾಕಿದಳು. ಜೋಗ ಆ ಬಳೆಗಳನ್ನು ಕಟಕಟ ಆಡಿಸುತ್ತಾ ನಿದ್ದೆ ಹೋಗುತ್ತಿದ್ದನಂತೆ. ಗಂಡ ಬದುಕಿರುವಾಗ ಬಳೆ ಒಡೀತಾರೇನೇ ಎಂದು ಬೈದೆ. ಅವಳು ಕೇಳಲಿಲ್ಲ.

ಎರಡು ಮಳೆಗಾಲ ಗಿಡ ಅವ್ವನ ಮಾತು ಉಳಿಸಿತು. ಬೇಸಿಗೆಯಲ್ಲೂ ಒಣಗಿದ ಕಡ್ಡಿ ನೋಡಿ ಜಾಗ ಗುರುತಿಸುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಸೌದೆಗೆಂದು ಹೇಳಿ ಹೋಗಿ ಕೂತು ಬರುತ್ತಿದ್ದಳು. ಕ್ರೋಧಿ ಸಂವತ್ಸರದ ಯುಗಾದಿ ಕಳೆದ ಮೇಲೆ ಅವಳಿಗೆ ಚಳಿಜ್ವರ ಬಂದು ತಿಂಗಳೊಪ್ಪತ್ತು ಮಲಗಿದಳು. ಎದ್ದು ಹೋಗಿ ನೋಡಿದರೆ ಗಿಡವೂ ಇಲ್ಲ, ಜಾಗದ ಗುರುತೂ ಇಲ್ಲ. ಅಷ್ಟರೊಳಗೆ ಗಾದ್ರಪ್ಪ ತನ್ನ ಕಡಸು ಹುಡುಕಿಕೊಂಡಿದ್ದ.

ಅದನ್ನು ರೊಪ್ಪದೊಳಗೆ ನೆಟ್ಟದ್ದು ಅವಳಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ದಿನಾ ಬುಟ್ಟಿ ಇಡುವ ಗೆರೆಯಿಂದ ಗುಡಿಯ ಹಿಂಗೋಡೆ ಮಾತ್ರ ಕಾಣುತ್ತದೆ. ಗಿಡ ಮುಂದಿನ ಗೋಡೆಗಿತ್ತು.

ಬೇಲಿಯಿಂದ ಎಸೆದ ಗಿಡವನ್ನು ಎತ್ತಿಕೊಂಡು ನಾನು ಸೂರಮ್ಮನ ಗುಡಿಸಲಿಗೆ ಬಂದೆ. ಅವಳು ರಾಗಿ ಬೀಸುತ್ತಿದ್ದಳು. ನನ್ನ ಒಂದು ಕಂಕುಳಲ್ಲಿ ಗೋಣಿ, ಇನ್ನೊಂದು ಕೈಯಲ್ಲಿ ಹೂವು ಬಿಟ್ಟ ಗಿಡ. ಅವಳು ಬೀಸುಕಲ್ಲು ನಿಲ್ಲಿಸಿ ಹೂವು ನೋಡಿದಳು.

"ಇಷ್ಟು ಹೂವು ಬಿಟ್ಟಿರೋ ಗಿಡ ಹೊತ್ಕೊಂಡು ಬಂದೆಯಾ? ಬೇರು ಸಾಕಾಗಿತ್ತಲ್ಲಣ್ಣ."

"ಇದು ಊರಿಂದ ತಂದಿದ್ದಲ್ಲ. ಇದು ಅದೇ."

"ಅದೇ ಅಂದ್ರೆ?"

ಹೇಳಿದೆ. ಎಲ್ಲವನ್ನೂ ಹೇಳಿದೆ, ನಾನು ಕೂಗಾಡಿದ್ದನ್ನೂ ಹೆಮ್ಮೆಯಿಂದಲೇ ಹೇಳಿದೆ. ಅವಳು ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೇರಿನ ಹೆಂಟೆಯನ್ನು ಬೆರಳಿನಿಂದ ಬಿಡಿಸಿದಳು. ಕೆಮ್ಮಣ್ಣಿನ ರೊಪ್ಪದಲ್ಲಿ ಮೂರು ತಿಂಗಳು ಇದ್ದರೂ ಒಳಗಿನ ಮಣ್ಣು ಇನ್ನೂ ಕಾವಲಿನ ಕಪ್ಪು ಎರೆ. ಅದರಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹಸಿರು ಚೂರು ಒಂದಿತ್ತು.

"ಹಂಗಾದ್ರೆ ಜಾಗ ಅವನಿಗೆ ಗೊತ್ತೈತೆ" ಎಂದಳು.

"ಗೊತ್ತಿರದೆ ಏನು? ದನ ಕಾಯೋನು. ಒಂದು ಸಲ ಮೆಟ್ಟಿದ ಜಾಗ ಸಾಯೋವರೆಗೂ ಮರೆಯಲ್ಲ ಅವರು."

"ನಿನಗೆ ಅವನೇನಂದ ಮೊದ್ಲು? ಕಡಸು ಸಿಕ್ಕಿದ್ದು, ಹೂವು ಸಿಕ್ಕಿದ್ದು ಖುಷೀಲಿ ಹೇಳಿದ್ನಾ?"

"ಹೂಂ, ಭಾರಿ ಖುಷಿ."

"ಆವಾಗ ನೀನು, ಇಂಥ ಗಿಡ ನಂಗೂ ಬೇಕಿತ್ತು, ಎಲ್ಲಿ ಸಿಕ್ತು ತೋರಿಸು ಅಂದಿದ್ರೆ?"

ನಾನು ಗೋಣಿಯನ್ನು ಕಂಕುಳಿಂದ ಕೆಳಗಿಳಿಸಿದೆ.

"ನಿನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ ತೋರಿಸ್ತಿದ್ದ. ಗೊತ್ತಿಲ್ದೆ ಮೆಟ್ಟಿದ್ರೆ ತಪ್ಪಿಲ್ಲ ಅವನಿಗೆ. ಒಂದು ಸಲ ಮೆಟ್ಟಿದಾನೆ, ಇನ್ನೊಂದು ಸಲ ಮೆಟ್ತಿದ್ದ. ಈಗ ಗೊತ್ತಾಗೋಯ್ತು. ಇನ್ನು ಅವನು ಆ ಕಡೆ ಮುಖ ಮಾಡಿ ಮಲಗೋದೂ ಇಲ್ಲ."

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ ಸಮ ಮಾಡುತ್ತಿದ್ದೆ. ಬೀಸುಕಲ್ಲಿನ ಸುತ್ತ ಚೆಲ್ಲಿದ ಹಿಟ್ಟನ್ನು ಗುಡಿಸಿ ಮೊರಕ್ಕೆ ತುಂಬಿದಳು.

ಮೂರು ದಿನ ಕಾವಲು ಹುಡುಕಿದೆವು. ಶ್ರಾವಣದ ಕರಡ ಎದೆಮಟ್ಟ ನಿಂತಿತ್ತು. ಗಾಳಿ ಬೀಸಿದರೆ ಕಾವಲೆಲ್ಲ ಒಂದೇ ಕಡೆ ಬಾಗುತ್ತದೆ, ನಿಂತರೆ ಒಂದೇ ಸಮ ಏಳುತ್ತದೆ. ಯಾವ ಕಡೆಯಿಂದ ನೋಡಿದರೂ ಅದೇ. ಗುಂಡಿಗಳೇನೋ ಸಿಕ್ಕವು. ನರಿ ತೋಡಿದ್ದು, ಹೆಗ್ಗಣ ತೋಡಿದ್ದು, ಮಳೆನೀರು ಕುಸಿಸಿದ್ದು. ಒಂದೊಂದರಲ್ಲೂ ಸೂರಮ್ಮ ಮಂಡಿಯೂರಿ ಕೂತು ಕೈಯಲ್ಲಿ ಮಣ್ಣು ಕೆದಕಿ ಹಸಿರು ಚೂರು ಹುಡುಕಿದಳು. ಅವಳ ಉಗುರುಗಳ ಬುಡದಲ್ಲಿ ರಕ್ತ ಬಂತು. ಸೆರಗಿನ ಚಿಂದಿಗಳು ಎರಡು ವರ್ಷದ ಕೆಳಗೇ ಕೊಳೆತು ಹೋಗಿದ್ದವು. ಎರಡನೇ ದಿನ ಕಾವಲುಗಾರ ಕಂಡು, ಏನು ಕಳೆದುಕೊಂಡಿರಿ ಎಂದು ಕೇಳಿದ. ಮೂಗುತಿ ಎಂದಳು ಸೂರಮ್ಮ. ಪಾಪ, ಅವನೂ ಒಂದು ಗಳಿಗೆ ಬಗ್ಗಿ ಹುಡುಕಿದ.

ನನಗೆ ತಾಳ್ಮೆ ಕಡಿಮೆ. ಮೂರನೇ ದಿನ ಮಧ್ಯಾಹ್ನ, "ಯಾವುದೋ ಒಂದು ಜಾಗದಲ್ಲಿ ನೆಟ್ಟುಬಿಡೋಣ ಸೂರಿ. ಮಣ್ಣೆಲ್ಲ ಒಂದೇ" ಎಂದೆ. ಕಂಕುಳಲ್ಲಿದ್ದ ಗೋಣಿಯ ಬೇರು ಆಗಲೇ ಮೆತ್ತಗಾಗುತ್ತಿತ್ತು.

"ನಿನ್ನ ಮಗನಿಗಾದ್ರೆ ಅಂಗೇ ಮಾಡು" ಎಂದಳು.

ನಾಲ್ಕನೇ ದಿನ ಬೆಳಗ್ಗೆ ಅವಳು ಗಂಡನ ಬುಟ್ಟಿ ಹೊತ್ತುಕೊಂಡು ರೊಪ್ಪದ ಕಡೆ ಹೊರಟಳು. ನಾನೂ ಹಿಂದೆ ಹೋದೆ. ಬುಟ್ಟಿಯಲ್ಲಿ ಮುದ್ದೆ, ಸೊಪ್ಪಿನ ಸಾರು. ಮುದ್ದೆಯ ಪಕ್ಕದಲ್ಲಿ ಒಂದು ಚೂರು ಬೆಲ್ಲ ಇಟ್ಟಿದ್ದಳು.

ದಿನಾ ನಿಲ್ಲುವ ಗೆರೆಯಲ್ಲಿ ಅವಳು ನಿಂತಳು. ಬುಟ್ಟಿಯನ್ನು ಇಳಿಸಲಿಲ್ಲ. ಗಾದ್ರಪ್ಪ ಬೇಲಿಯ ಆಚೆ ಕರುವೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ನಾನು ಬೇಲಿಯ ಪಕ್ಕದಿಂದ ನೋಡಿ ಬಂದೆ, ಗುಡಿಯ ಮುಂಗೋಡೆಯಲ್ಲಿ ಪಾತಿಯ ಕಲ್ಲುಗಳೂ ಇರಲಿಲ್ಲ. ಅಲ್ಲೆಲ್ಲ ಹೊಸದಾಗಿ ಸಗಣಿ ಸಾರಿಸಿತ್ತು.

"ನಾನು ನಿನ್ನ ಹತ್ರ ಏನೂ ಕೇಳಲ್ಲ" ಎಂದಳು ಸೂರಮ್ಮ. "ಯಾರಿಗೂ ಹೇಳಲ್ಲ. ಇವನ ಬಾಯಿ ನಾನು ಹೊಲೀತೀನಿ. ನೀನು ಅಲ್ಲಿಗೆ ಬರೋದು ಬೇಡ. ದೂರದಲ್ಲಿ ನಿಂತ್ಕೊ. ಕೋಲು ಎತ್ತಿ ತೋರಿಸು. ಅಷ್ಟೇ."

ಅವನು ಕರುವಿನ ಕಾಲು ಬಿಡದೆ ಹೇಳಿದ: "ನಿಮ್ಮಣ್ಣ ಏನೂ ಹೇಳ್ಲಿಲ್ಲ ನಂಗೆ."

"ಅಂಗೇ ಆಗ್ಲಿ. ಏನೂ ಹೇಳ್ಲಿಲ್ಲ. ಕಡಸು ಮಲಗಿತ್ತಲ್ಲ, ಆ ಜಾಗ ತೋರಿಸು."

"ಯಾವ ಕಡಸು?"

"ಮರೆತೆಯಾ?"

"ಮರೆತೆ."

ಅವನು ಸುಳ್ಳು ಹೇಳುತ್ತಿದ್ದ. ಅವನು ಸುಳ್ಳು ಹೇಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ಅವನಿಗೆ ಬರುತ್ತಲೂ ಇರಲಿಲ್ಲ. ಕಿವಿಯವರೆಗೆ ಕೆಂಪಾಗಿತ್ತು ಮುಖ.

"ಲೇ, ಒಂದು ಕೋಲು ಎತ್ತಿದ್ರೆ ನಿನ್ನ ದೇವಿ ಸಾಯ್ತಾಳಾ?" ಎಂದೆ ನಾನು.

"ನೀನು ಬಾಯಿ ಮುಚ್ಚಣ್ಣ!" ಎಂದಳು ಸೂರಮ್ಮ, ತಿರುಗಿ ಕೂಡ ನೋಡದೆ.

ಗಾದ್ರಪ್ಪ ಎದ್ದು ನಿಂತ. "ತೊಂಬತ್ತು ಜೀವ ಐತೆ ಇಲ್ಲಿ. ಧಾತು ವರ್ಷದ ಬರದಲ್ಲಿ ನಮ್ಮಜ್ಜ ತಾನು ಉಪವಾಸ ಬಿದ್ದು ಇವನ್ನ ಉಳಿಸಿದ. ನಮ್ಮಣ್ಣ ಹೋಗೋವಾಗ ನನ್ನ ಕೈಗೆ ಕೊಟ್ಟ. ಸೂತಕದ ಕೈಯಿ ಇವುಗಳ ಮೈಮೇಲೆ ಆಡಿದ್ರೆ ಒಂದೊಂದೇ ಬೀಳ್ತವೆ. ಮೂರು ತಿಂಗಳು ನಾನು ಪೆಟ್ಟಿಗೆಗೆ ಏನು ಏರಿಸಿದೀನಿ ಅಂತ…" ಮಾತು ಅರ್ಧಕ್ಕೆ ನಿಲ್ಲಿಸಿದ. "ಗೊತ್ತಿಲ್ದೆ ಏರಿಸಿದ್ದು. ಅಮ್ಮ ಕ್ಷಮಿಸ್ತಾಳೆ. ಗೊತ್ತಿದ್ದು ತೋರಿಸಿದ್ರೆ ನಾನು ಈ ಬೇಲಿ ಒಳಗೆ ನಿಲ್ಲೋ ಹಂಗಿಲ್ಲ. ಇವತ್ತೇ ಕೋಲು ಕೆಳಗಿಡ್ಬೇಕು."

"ಇಡು" ಎಂದಳು ಸೂರಮ್ಮ.

ಅವನು ಅವಳನ್ನು ನೋಡಿದ.

"ಇಡು. ಇನ್ಯಾರೋ ಎತ್ಕೊಳ್ತಾರೆ. ಹಟ್ಟೀಲಿ ಗಂಡಸರಿಲ್ವಾ? ದನ ಕಾಯೋಕೆ ಹತ್ತು ಜನ ಅದಾರೆ. ಅವನ ಜಾಗ ಗೊತ್ತಿರೋನು ನೀನೊಬ್ನೆ."

ಗಾದ್ರಪ್ಪನ ಕೋಲು ನೆಲಕ್ಕೆ ಒತ್ತಿಕೊಂಡಿತ್ತು. ಒಂದು ಕ್ಷಣ ಅವನು ಅದನ್ನು ಬೇಲಿಗೆ ಒರಗಿಸುತ್ತಾನೆ ಎಂದೇ ನನಗೆ ಅನ್ನಿಸಿತು. ಮುಳ್ಳು ತೆಗೆಸಿಕೊಂಡ ಕರು ಬಂದು ಅವನ ಅಂಗೈ ನೆಕ್ಕಿತು. ಅವನು ಅದರ ಗಂಗೆದೊಗಲು ಸವರಿದ. ಆಮೇಲೆ ನಮಗೆ ಬೆನ್ನು ಹಾಕಿ ನಿಂತ.

ಸೂರಮ್ಮ ಗೆರೆ ದಾಟಿದಳು. ಆ ಹಟ್ಟಿಯ ಯಾವ ಹೆಣ್ಣೂ ದಾಟದ ಗೆರೆ. ಬೇಲಿಯ ಮುಳ್ಳು ಎದೆಗೆ ತಾಗುವವರೆಗೆ ಹೋದಳು. ಅಲ್ಲಿ ನಿಂತು ಕೂಗಿದಳು:

"ಜೋಗನಪ್ಪಾ!"

ಹುಡುಗ ಹುಟ್ಟಿದಾಗಿನಿಂದ ಅವಳು ಗಂಡನನ್ನು ಕರೆಯುತ್ತಿದ್ದುದೇ ಹಾಗೆ. ಎರಡು ವರ್ಷದಿಂದ ಆ ಹೆಸರು ಆ ಬೇಲಿಯ ಹತ್ತಿರ ಯಾರ ಬಾಯಲ್ಲೂ ಬಂದಿರಲಿಲ್ಲ. ಗಾದ್ರಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಕೋಲು ಕಂಕುಳಲ್ಲಿ ಸಿಕ್ಕಿಕೊಂಡಿತ್ತು.

"ಜೋಗನಪ್ಪಾ, ಒಂದು ಸಲ ಅವನ ಹೆಸರು ಹೇಳು. ಜಾಗ ತೋರಿಸಬೇಡ. ಹೆಸರು ಹೇಳು, ಸಾಕು."

ಅವನು ತಿರುಗಲಿಲ್ಲ. ಕಿವಿಯಿಂದ ಕೈ ತೆಗೆಯದೆ ಹಿಂಡಿನ ನಡುವಕ್ಕೆ ನಡೆದುಹೋದ. ದನಗಳು ಅವನಿಗೆ ದಾರಿ ಬಿಟ್ಟು ಮತ್ತೆ ಕೂಡಿಕೊಂಡವು. ಆಮೇಲೆ ಅವನು ನಮಗೆ ಕಾಣಲಿಲ್ಲ.

ಸೂರಮ್ಮ ಬುಟ್ಟಿಯಿಂದ ಬೆಲ್ಲದ ಚೂರು ತೆಗೆದು ತನ್ನ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಮುದ್ದೆಯ ಬುಟ್ಟಿಯನ್ನು ದಿನಾ ಇಡುವ ಜಾಗದಲ್ಲೇ ಇಟ್ಟಳು. ಗುಡಿಸಲಿಗೆ ಬಂದವಳು ಒಳಗೆ ಹೋಗಿ ಬೇರೆ ಸೀರೆ ಕೂಡ ತೆಗೆದುಕೊಳ್ಳಲಿಲ್ಲ. ಅವನು ಎಸೆದ ಗಿಡವನ್ನು ಅವಳು ನೀರಿನ ಮಡಕೆಯಲ್ಲಿ ನಿಲ್ಲಿಸಿದ್ದಳು. ಹೂವೆಲ್ಲ ಬಾಡಿದ್ದರೂ ಬುಡದಲ್ಲಿ ಎರಡು ಚಿಗುರು ಹಸಿರಾಗಿದ್ದವು. ಹೂವಿನ ಕಡ್ಡಿಗಳನ್ನು ಕೈಯಿಂದ ಮುರಿದು ಹಾಕಿದಳು. ಕಪ್ಪು ಮಣ್ಣು ಉದುರದಂತೆ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಮಂಕರಿಯಲ್ಲಿಟ್ಟಳು.

ನಾನು ತಂದ ಬೇರನ್ನು ಕೊಟ್ಟೆ. "ಇದನ್ನೂ ತಗೋ. ಅದು ಹಿಡಿಯುತ್ತೋ ಇಲ್ವೋ."

"ಅದು ಅವ್ವಂದು. ನಿನ್ನ ಹತ್ರಾನೇ ಇರ್ಲಿ. ಇದರ ಬೇರಲ್ಲಿರೋ ಮಣ್ಣು ಅವನದು."

"ಎಲ್ಲಿಗೆ ಈಗ? ಊರಿಗೆ ನಡಿ, ನಾನೂ ಬರ್ತೀನಿ. ಹಿತ್ತಲಲ್ಲಿ ಹಾಕುವಿಯಂತೆ."

"ನಿನ್ನ ಜೊತೆ ಬರಲ್ಲ."

"ಯಾಕೆ?"

"ನೀನು ಒಂದು ಮಾತು ನುಂಗಿದ್ರೆ ನಾನು ಇವತ್ತು ಅವನ ಹತ್ರ ಕೂತಿರ್ತಿದ್ದೆ ಅಣ್ಣ."

ತಪ್ಪು ನನ್ನದು ಎಂದು ಒಪ್ಪಿಕೊಳ್ಳಲು ಆ ಹೊತ್ತಿನಲ್ಲಿ ಎರಡೇ ಮಾತು ಸಾಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು ಬೇರೆ. "ಎರಡು ದಿನ ನಡೆದು ಬಂದಿದ್ದಕ್ಕೆ ಇದಾ ನಂಗೆ? ಗುಂಡಿ ತೋಡಿದ್ದು ನಾನು, ನಿನ್ನ ಗಂಡ ಅಲ್ಲ. ಹೋಗ್ತೀಯಾ? ಹೋಗು! ಯಾರ ಕಾಲು ಹಿಡೀತೀಯೋ ಹಿಡ್ಕೊ ಹೋಗು!"

ಅವಳು ಮಂಕರಿಯನ್ನು ತಲೆಯ ಮೇಲಿಟ್ಟುಕೊಂಡಳು. ಕಾವಲಿನ ಕಡೆಗೂ ಹೋಗಲಿಲ್ಲ, ಮೊಳಕಾಲ್ಮುರಿನ ದಾರಿಗೂ ಹೋಗಲಿಲ್ಲ. ನಾಯಕನಹಟ್ಟಿಯ ಬಂಡಿಜಾಡು ಹಿಡಿದಳು. ಜಾಲಿಮರದ ಹತ್ತಿರ ಒಮ್ಮೆ ನಿಂತು ಮಂಕರಿಯನ್ನು ಸರಿಮಾಡಿಕೊಂಡಳು. ತಿರುಗುತ್ತಾಳೆ, ಆಗ ಕರೆಯುತ್ತೇನೆ ಎಂದು ನಾನು ಹೊಸ್ತಿಲಲ್ಲೇ ನಿಂತಿದ್ದೆ. ತಿರುಗಲಿಲ್ಲ. ನಾನೂ ಕರೆಯಲಿಲ್ಲ.

ಆ ಸಂಜೆ ಗೆರೆಯಲ್ಲಿ ಮುದ್ದೆಯ ಬುಟ್ಟಿ ಹಾಗೇ ಇತ್ತು, ಇರುವೆ ಮುತ್ತಿತ್ತು. ಮರುದಿನದಿಂದ ಗಾದ್ರಪ್ಪನ ಬುಟ್ಟಿಯನ್ನು ಪಕ್ಕದ ಗುಡಿಸಲಿನ ಮಂಜುಳಮ್ಮ ಹೊತ್ತಳು. ನಾನು ಎಂಟು ದಿನ ಕಾದೆ. ಆಮೇಲೆ ನಾಯಕನಹಟ್ಟಿಗೆ ಹೋಗಿ ವಿಚಾರಿಸಿದೆ. ಗಿಡ ಹೊತ್ತ ಹೆಂಗಸೊಬ್ಬಳು ಕೆರೆಯಲ್ಲಿ ಬಟ್ಟೆ ನೆನೆಸಿಕೊಂಡು ಮುಂದೆ ಹೋದಳೆಂದು ಅಗಸರವನೊಬ್ಬ ಹೇಳಿದ. ಯಾವ ಕಡೆ ಎಂದು ಅವನು ನೋಡಿರಲಿಲ್ಲ. ಕಾರ್ತಿಕ ಬಂತು, ಕರಡ ಒಣಗಿತು. ಸೂರಮ್ಮ ಬರಲಿಲ್ಲ.